ಸಂಬಳದಲ್ಲಿ ತೆರಿಗೆ ಸರಿಯಾಗಿ ಮುರಿಸಿಕೊಳ್ಳುವ ಬಗೆ

ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರ ಎಲ್ಲೇ ಕೆಲಸ ಮಾಡಲಿ, ಪೇ ಸ್ಲಿಪ್‌ನಲ್ಲಿ ತೆರಿಗೆಯ ಸಾಲು ಎರಡು. ಪಿಟಿ ಅಂದರೆ ರಾಜ್ಯದ ವೃತ್ತಿ ತೆರಿಗೆ, ಟಿಡಿಎಸ್ ಅಂದರೆ ಕೇಂದ್ರದ ಆದಾಯ ತೆರಿಗೆ. ಪಿಟಿಯಲ್ಲಿ ನೀವು ಆರಿಸಿಕೊಳ್ಳಲು ಏನೂ ಇಲ್ಲ. ಟಿಡಿಎಸ್ ಮಾತ್ರ ನೀವು ಕಂಪನಿಗೆ ಏನು ತಿಳಿಸಿದ್ದೀರಿ, ಏನು ಬಿಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಕೆಳಗಿನ ಅಂಕಿ, ನಿಯಮ, ಫಾರ್ಮ್‌ಗಳ ಹೆಸರುಗಳೆಲ್ಲ 2025-26ರ ಆರ್ಥಿಕ ವರ್ಷದವು.

ಪಿಟಿಯ ಲೆಕ್ಕ ಸಣ್ಣದು. ತಿಂಗಳ ಸಂಬಳ 25,000 ರೂಪಾಯಿ ಮುಟ್ಟಿದರೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500. ನೋಡುವುದು ಒಟ್ಟು ಸಂಬಳವನ್ನು, ಪಿಎಫ್ ಹೋಗಿ ಕೈಗೆ ಬರುವ ಮೊತ್ತವನ್ನಲ್ಲ. ಅರವತ್ತು ದಾಟಿದವರಿಗೆ ಇದಿಲ್ಲ. ಗೌರಿಬಿದನೂರಿನಿಂದ ಹಿಂದೂಪುರಕ್ಕೋ ಮಾಲೂರಿನಿಂದ ಹೊಸೂರಿಗೋ ಕೆಲಸ ಬದಲಾದರೆ ಪಿಟಿ ಆ ರಾಜ್ಯದ ನಿಯಮದಂತೆ ನಡೆಯುತ್ತದೆ: ಆಂಧ್ರದಲ್ಲಿ ತಿಂಗಳಿಗೊಮ್ಮೆ, ತಮಿಳುನಾಡಿನಲ್ಲಿ ಆರು ತಿಂಗಳಿಗೊಮ್ಮೆ. ಆದಾಯ ತೆರಿಗೆ ಎಲ್ಲೆಡೆ ಒಂದೇ.

ಇನ್ನು ಟಿಡಿಎಸ್. ಕಂಪನಿ ನಿಮ್ಮ ಇಡೀ ವರ್ಷದ ಸಂಬಳವನ್ನು ಮೊದಲೇ ಅಂದಾಜು ಮಾಡಿ, ಅದರ ಮೇಲಿನ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚಿ ಮುರಿದುಕೊಳ್ಳುತ್ತದೆ. ಈ ತೆರಿಗೆಯ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿ. ನೀವು ಬಾಯಿ ಬಿಡದಿದ್ದರೆ ಹೊಸ ಪದ್ಧತಿಯೇ ಅನ್ವಯ. ಅದರಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ರಶೀದಿ ಕೇಳದೆ ಸಂಬಳದಲ್ಲಿ ಕಳೆಯುವ ಮೊತ್ತ) ಕಳೆದು 12 ಲಕ್ಷದೊಳಗೆ ನಿಂತರೆ ರಿಬೇಟ್‌ನಿಂದ, ಅಂದರೆ ತೆರಿಗೆ ಮನ್ನಾದಿಂದ, ತೆರಿಗೆ ಸೊನ್ನೆ. ಅಂದರೆ ಬೇರೆ ಆದಾಯವಿಲ್ಲದೆ ವರ್ಷದ ಸಂಬಳ 12.75 ಲಕ್ಷದೊಳಗಿದ್ದವರು ಪದ್ಧತಿ ಆರಿಸಲು ತಲೆಕೆಡಿಸಿಕೊಳ್ಳಬೇಕಿಲ್ಲ.

ಅದಕ್ಕಿಂತ ಮೇಲಿದ್ದರೆ ಲೆಕ್ಕ ಹಾಕಿ ನೋಡಿ. 15 ಲಕ್ಷ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಸೆಸ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿ 97,500 ರೂಪಾಯಿ ತೆರಿಗೆ. ಹಳೆಯ ಪದ್ಧತಿ ಇದಕ್ಕಿಂತ ಅಗ್ಗವಾಗಬೇಕಾದರೆ 50,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೂ ಸುಮಾರು 5.44 ಲಕ್ಷದ ವಿನಾಯಿತಿ ಬೇಕು. ಪಿಎಫ್, ಎಲ್‌ಐಸಿ ಸೇರಿ 1.5 ಲಕ್ಷ, ವಾಸದ ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25,000 ಎಂದು ಕೂಡಿದರೂ 3.75 ಲಕ್ಷವೇ ಆಯಿತು. ಅದರ ಮೇಲೆ ದೊಡ್ಡ ಮೊತ್ತದ ಮನೆ ಬಾಡಿಗೆ ವಿನಾಯಿತಿ ಇಲ್ಲದಿದ್ದರೆ ಹಳೆಯದು ಗಿಟ್ಟುವುದಿಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕೆಂಬುದೂ ನೆನಪಿರಲಿ.

ಹಳೆಯ ಪದ್ಧತಿ ಬೇಕಿದ್ದರೆ ಏಪ್ರಿಲ್‌ನಲ್ಲೇ ಬರವಣಿಗೆಯಲ್ಲಿ ತಿಳಿಸಿ, ಕೇಳುವ ವಿನಾಯಿತಿಗಳನ್ನು ಬರೆಯುವ ಫಾರ್ಮ್ 12ಬಿಬಿ ತುಂಬಿಕೊಡಿ. ಹೆಚ್ಚಿನ ಕಂಪನಿಗಳು ರಶೀದಿಗಳನ್ನು ಕೇಳುವುದು ಜನವರಿಯ ಹೊತ್ತಿಗೆ. ಆಗ ಕೊಡದಿದ್ದರೆ ವರ್ಷವಿಡೀ ಕೊಟ್ಟ ವಿನಾಯಿತಿಯನ್ನೆಲ್ಲ ಹಿಂತೆಗೆದುಕೊಂಡು, ಬಾಕಿ ತೆರಿಗೆಯನ್ನು ಫೆಬ್ರವರಿ, ಮಾರ್ಚ್ ಸಂಬಳದಲ್ಲೇ ಮುರಿಯುತ್ತಾರೆ. ಆ ಎರಡು ತಿಂಗಳು ಮನೆ ನಡೆಸುವುದೇ ಕಷ್ಟವಾಗುತ್ತದೆ. ಹಾಗೆ ಹೋದ ಹಣ ವಾಪಸ್ ಸಿಗಬೇಕಾದರೆ ರಿಟರ್ನ್ ಸಲ್ಲಿಸುವಾಗ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಏಟು ಬೀಳುವುದು ವರ್ಷದ ನಡುವೆ ಕೆಲಸ ಬದಲಿಸಿದವರಿಗೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 90,000, ಅಕ್ಟೋಬರ್‌ನಿಂದ ಹೊಸ ಕಂಪನಿಯಲ್ಲಿ 1,40,000 ಎಂದಿಟ್ಟುಕೊಳ್ಳಿ. ಹಳೆಯ ಕಂಪನಿಯ ಅಂದಾಜು 10.8 ಲಕ್ಷ, ತೆರಿಗೆ ಇಲ್ಲ. ಹೊಸ ಕಂಪನಿಗೆ ಕಾಣುವುದು ಆರು ತಿಂಗಳ 8.4 ಲಕ್ಷ, ಅಲ್ಲೂ ತೆರಿಗೆ ಇಲ್ಲ. ನಿಮಗೆ ನಿಜವಾಗಿ ಬಂದದ್ದು ಹಳೆಯದರಲ್ಲಿ ಆರು ತಿಂಗಳ 5.4 ಲಕ್ಷ, ಹೊಸದರಲ್ಲಿ 8.4 ಲಕ್ಷ, ಕೂಡಿದರೆ 13.8 ಲಕ್ಷ. ಅದರಲ್ಲಿ 75,000 ಕಳೆದರೆ 13.05 ಲಕ್ಷ, ಸೆಸ್ ಸೇರಿ ತೆರಿಗೆ 78,780 ರೂಪಾಯಿ. ರಿಬೇಟನ್ನೂ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಇಬ್ಬರೂ ಬೇರೆಬೇರೆಯಾಗಿ ಕೊಟ್ಟಿದ್ದರಿಂದ ಒಂದು ರೂಪಾಯಿಯೂ ಮುರಿದಿರುವುದಿಲ್ಲ. ರಿಟರ್ನ್ ತುಂಬುವ ದಿನ ಅಷ್ಟನ್ನೂ ಒಟ್ಟಿಗೆ ಕಟ್ಟಬೇಕು, ಮೇಲೆ ಬಡ್ಡಿ.

ತಪ್ಪಿಸುವುದು ಸುಲಭ. ಸೇರಿದ ವಾರದಲ್ಲೇ ಹಿಂದಿನ ಕಂಪನಿಯ ಸಂಬಳ, ಪಿಎಫ್, ಮುರಿದ ಟಿಡಿಎಸ್ ವಿವರಗಳನ್ನು ಫಾರ್ಮ್ 12ಬಿಯಲ್ಲಿ ತುಂಬಿ ಹೊಸ ಎಚ್‌ಆರ್‌ಗೆ ಕೊಡಿ. ಹಳೆಯ ಕಂಪನಿ ಸಂಬಳ, ಟಿಡಿಎಸ್‌ಗೆ ಕೊಡುವ ಪ್ರಮಾಣಪತ್ರವಾದ ಫಾರ್ಮ್ 16 ಬರುವುದು ಮುಂದಿನ ಜೂನ್‌ಗೆ, ಅದಕ್ಕೆ ಕಾಯಬೇಡಿ. ಕೊನೆಯ ಪೇ ಸ್ಲಿಪ್ ಸಾಕು. ಅಕ್ಟೋಬರ್‌ನಲ್ಲೇ ಕೊಟ್ಟರೆ ತಿಂಗಳಿಗೆ 13,130 ಹೋಗುತ್ತದೆ. ಜನವರಿವರೆಗೆ ಎಳೆದರೆ ಅದೇ 26,260 ಆಗುತ್ತದೆ.

ಬೇರೆ ಆದಾಯವನ್ನೂ ಕಂಪನಿಗೆ ತಿಳಿಸಿ. 12.5 ಲಕ್ಷ ಸಂಬಳದವರಿಗೆ ತೆರಿಗೆ ಸೊನ್ನೆ. ಆದರೆ ಅವರ ಎಫ್‌ಡಿಗೆ 50,000 ಬಡ್ಡಿ ಬಂದರೆ, 75,000 ಕಳೆದ ಮೇಲೂ ಆದಾಯ 12.25 ಲಕ್ಷವಾಗಿ 12 ಲಕ್ಷದ ಮಿತಿ ದಾಟುತ್ತದೆ. ಮಿತಿಯ ಅಂಚಿನಲ್ಲಿರುವವರಿಗೆ ಕೊಡುವ ಮಾರ್ಜಿನಲ್ ರಿಲೀಫ್ ಸಿಕ್ಕಿದ ಮೇಲೂ 26,000 ರೂಪಾಯಿ ಕಟ್ಟಬೇಕು. 50,000 ದಾಟದ ಬಡ್ಡಿಗೆ ಬ್ಯಾಂಕ್ ಟಿಡಿಎಸ್ ಮುರಿಯುವುದಿಲ್ಲ, ಕಂಪನಿಗೆ ವಿಷಯವೇ ಗೊತ್ತಿರುವುದಿಲ್ಲ.

ನಮ್ಮ ಕಡೆ ಹಳ್ಳಿಯಲ್ಲಿ ಜಮೀನು ಇರುವವರೇ ಹೆಚ್ಚು, ಹಾಗಾಗಿ ಇನ್ನೊಂದು ಮಾತು. ಟೊಮೆಟೊ, ರಾಗಿ, ಮಾವು ಮಾರಿದ ಹಣ ಕೃಷಿ ಆದಾಯ. ಅದಕ್ಕೆ ತೆರಿಗೆ ಇಲ್ಲ. ಆದರೂ ವರ್ಷಕ್ಕೆ 5,000 ದಾಟಿದರೆ, ಸಂಬಳದ ಮೇಲಿನ ತೆರಿಗೆಯ ದರ ಲೆಕ್ಕ ಹಾಕುವಾಗ ಅದು ಸೇರಬಹುದು. ಡೇರಿಗೆ ಹಾಲು ಹಾಕಿ ಬರುವ ಲಾಭ ಮಾತ್ರ ಕೃಷಿ ಆದಾಯವಲ್ಲ. ಹಸು ನಿಮ್ಮ ಹೆಸರಿನಲ್ಲಿದ್ದು ಹಣ ನಿಮ್ಮ ಖಾತೆಗೇ ಬರುತ್ತಿದ್ದರೆ ಮೇವು, ಹಿಂಡಿ, ಔಷಧಿಯ ಖರ್ಚು ಬರೆದಿಟ್ಟು ಉಳಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವ್ಯಾಪಾರದ ಆದಾಯ ಇದ್ದವರಿಗೆ ಪ್ರತಿವರ್ಷ ಪದ್ಧತಿ ಬದಲಿಸುವ ಸ್ವಾತಂತ್ರ್ಯವಿಲ್ಲ ಎಂಬುದೂ ಗೊತ್ತಿರಲಿ.

ಮುರಿದ ಹಣ ಸರ್ಕಾರಕ್ಕೆ ಸೇರಿತೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ ತೆರೆದು ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗಿನ ವಿವರ ಸಲ್ಲಿಸಲು ಕಂಪನಿಗೆ ಜುಲೈ 31 ಕೊನೆಯ ದಿನ, ಮುಂದಿನ ಮೂರು ತಿಂಗಳದ್ದಕ್ಕೆ ಅಕ್ಟೋಬರ್ 31. ಆ ಬಳಿಕ ವಾರ ಹತ್ತು ದಿನ ಬಿಟ್ಟು ಪೇ ಸ್ಲಿಪ್ ಜೊತೆ ತಾಳೆ ನೋಡಿ. ಮೊತ್ತ ಕಾಣದಿದ್ದರೆ ಪ್ಯಾನ್ ತಪ್ಪಾಗಿ ನಮೂದಾಗಿದೆಯೇ ಎಂದು ಮೊದಲು ಕೇಳಿ. ಪ್ಯಾನ್ ಕೊಟ್ಟೇ ಇರದಿದ್ದರೆ ತೆರಿಗೆಗೆ ಬರುವ ಸಂಬಳದ ಮೇಲೆ ಕನಿಷ್ಠ 20 ಶೇಕಡಾ ಮುರಿಯುತ್ತಾರೆ. ತಿದ್ದುಪಡಿಯನ್ನು ಕಂಪನಿಯೇ ಸಲ್ಲಿಸಬೇಕು, ಆದ್ದರಿಂದ ಪೇ ಸ್ಲಿಪ್ ಪ್ರತಿ ಲಗತ್ತಿಸಿ ಇಮೇಲ್‌ನಲ್ಲೇ ಕೇಳಿ.