ಆಫೀಸಿಗೆ ಕಿಲ್ಟ್ ಉಡುವ ಮುಂಚೆ: ಸ್ಕಾಟ್ಲೆಂಡಿಗೆ ಬಂದ ಕನ್ನಡಿಗರಿಗೆ

ಜನವರಿ ಹತ್ತಿರ ಬಂದಂತೆ ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಆಫೀಸಲ್ಲಿ ಬರ್ನ್ಸ್ ನೈಟ್ ಊಟ ಇದೆ. ಕಿಲ್ಟ್ ಹಾಕ್ಕೊಂಡು ಬನ್ನಿ ಅಂತ ಮೇಲ್ ಬಂದಿದೆ. ಅದು ಅವರಿಗೆ ಮಾತ್ರಾನಾ, ನಮಗೂ ಸೇರಿಸಿಯಾ?"

ನಿಮಗೂ ಸೇರಿಸಿಯೇ. ಕಿಲ್ಟ್ ಅಂದರೆ ಇಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿವರೆಗಿನ ನೆರಿಗೆಯ ಚೌಕುಳಿ ಬಟ್ಟೆ. ಹನ್ನೊಂದು ವರ್ಷದಿಂದ ಎಡಿನ್‌ಬರ್ಗಿನಲ್ಲಿದ್ದೇನೆ, ಮೂರು ಆಫೀಸು ನೋಡಿದ್ದೇನೆ. ಭಾರತದವನು ಕಿಲ್ಟ್ ಉಟ್ಟ ಅಂತ ಮುಖ ಸಿಂಡರಿಸಿದ ಸ್ಕಾಟಿಷ್ ಸಹೋದ್ಯೋಗಿಯನ್ನು ನಾನು ಕಂಡಿಲ್ಲ. ಆದರೆ ಬೇಕಾಬಿಟ್ಟಿ ಸುತ್ತಿಕೊಂಡು ಬಂದವನನ್ನು ನೋಡಿ ಮಾತು ನಿಲ್ಲಿಸಿದವರನ್ನು ಕಂಡಿದ್ದೇನೆ. ಕಿಲ್ಟ್ ಇಲ್ಲಿ ಛದ್ಮವೇಷ ಅಲ್ಲ. ನಮ್ಮಲ್ಲಿ ಮದುವೆಗೆ ರೇಷ್ಮೆ ಪಂಚೆ, ಶಲ್ಯ ಹೇಗೋ ಹಾಗೆ. ಮದುಮಗ ಉಡುತ್ತಾನೆ, ಪದವಿ ಪಡೆಯುವ ದಿನ ಹುಡುಗರು ಉಡುತ್ತಾರೆ, ಕೆಲವರನ್ನು ಮಣ್ಣು ಮಾಡುವುದೂ ಅದರಲ್ಲೇ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಇಷ್ಟು ಅಭಿಮಾನ ಯಾಕೆ ಅಂತ ತಿಳಿಯಲು ಸ್ವಲ್ಪ ಚರಿತ್ರೆ ಬೇಕು. 1746ರ ಏಪ್ರಿಲ್‌ನಲ್ಲಿ ಕಲೋಡನ್ ಯುದ್ಧದಲ್ಲಿ ಜಾಕೊಬೈಟರು, ಅಂದರೆ ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜವಂಶದ ಪರ ದಂಗೆ ಎದ್ದವರು, ಸೋತರು. ಅವರಲ್ಲಿ ಬಹಳ ಜನ ಕಿಲ್ಟ್ ಉಡುವ ಗುಡ್ಡಗಾಡಿನವರು. ಅದೇ ವರ್ಷ ಲಂಡನ್ನಿನ ಪಾರ್ಲಿಮೆಂಟು ಕಾನೂನು ಮಾಡಿತು. 1747ರ ಆಗಸ್ಟ್‌ನಿಂದ, ಸೈನ್ಯದಲ್ಲಿರುವವರನ್ನು ಬಿಟ್ಟು ಸ್ಕಾಟ್ಲೆಂಡಿನ ಯಾವ ಗಂಡಸೂ ಹುಡುಗನೂ ಈ ಉಡುಪು ಹಾಕುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲ ಸಿಕ್ಕಿದರೆ 7 ವರ್ಷ ಕಡಲಾಚೆಗೆ ಗಡೀಪಾರು. ಆ ಕಾನೂನು ರದ್ದಾದದ್ದು 1782ರಲ್ಲಿ. ಒಂದು ತಲೆಮಾರು ತನ್ನ ಬಟ್ಟೆಯನ್ನೇ ಉಡಲಾಗದೆ ಬೆಳೆಯಿತು. ಆಮೇಲೆ 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರ್ಗಿಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಊರಿಗೆ ಊರನ್ನೇ ಟಾರ್ಟನ್ನಿನಲ್ಲಿ, ಅಂದರೆ ಕಿಲ್ಟಿನ ಆ ಬಣ್ಣದ ಚೌಕುಳಿಯಲ್ಲಿ, ನಿಲ್ಲಿಸಿದರು, ರಾಜನೂ ಕಿಲ್ಟ್ ಉಟ್ಟ. ಗುಡ್ಡಗಾಡಿನವರ ಬಟ್ಟೆ ಇಡೀ ದೇಶದ ಬಟ್ಟೆಯಾದದ್ದು ಆಮೇಲೆಯೇ. ಒಬ್ಬೊಬ್ಬರ ಕುಲಕ್ಕೆ ಒಂದೊಂದು ಟಾರ್ಟನ್ ಎನ್ನುವ ಕಟ್ಟುನಿಟ್ಟೂ ಬಹುಪಾಲು ಆ ಕಾಲದ್ದೇ. ಹಾಗಾಗಿ "ನಮಗೆ ಕುಲ ಇಲ್ಲವಲ್ಲ, ಉಡಬಹುದಾ" ಅಂತ ಹೆದರಬೇಕಾಗಿಲ್ಲ.

ಯಾವಾಗ ಉಡುವುದು? ದಿನವೂ ಕಿಲ್ಟಿನಲ್ಲಿ ಕೆಲಸಕ್ಕೆ ಬರುವವರು ಇಲ್ಲಿಯೂ ಕಡಿಮೆ. ಆಫೀಸಿನ ಮಟ್ಟಿಗೆ ಎರಡು ದಿನ ಮುಖ್ಯ: ನವೆಂಬರ್ 30ರ ಸೇಂಟ್ ಆಂಡ್ರೂಸ್ ದಿನ, ಜನವರಿ 25ರ ಬರ್ನ್ಸ್ ನೈಟ್. ಎರಡನೆಯದು 1759ರಲ್ಲಿ ಅದೇ ದಿನ ಹುಟ್ಟಿದ ಕವಿ ರಾಬರ್ಟ್ ಬರ್ನ್ಸ್ ಹೆಸರಿನ ಊಟ. ಇವೆರಡನ್ನು ಬಿಟ್ಟರೆ ಯಾರದ್ದೋ ಬೀಳ್ಕೊಡುಗೆ, ಮರ್ರೇಫೀಲ್ಡ್ ಮೈದಾನದಲ್ಲಿ ವಾರಾಂತ್ಯಕ್ಕೆ ರಗ್ಬಿ ಪಂದ್ಯ ಇದ್ದರೆ ಅದರ ಹಿಂದಿನ ಶುಕ್ರವಾರ. ಮೊದಲ ಸಲಕ್ಕೆ ಇಂಥ ದಿನವನ್ನೇ ಆರಿಸಿಕೊಳ್ಳಿ. ಇನ್ನೂ ನಾಲ್ಕು ಜನ ಉಟ್ಟಿರುತ್ತಾರೆ, ನಿಮ್ಮೊಬ್ಬರ ಮೇಲೇ ಎಲ್ಲರ ಕಣ್ಣು ಬೀಳುವುದಿಲ್ಲ.

ಮಾಮೂಲಿ ದಿನ ಉಡಬೇಕು ಅಂತಿದ್ದರೆ ಮ್ಯಾನೇಜರಿಗೆ ಒಂದು ಮಾತು ಹೇಳಿ. ಹೇಗಿರಬೇಕು ಬಟ್ಟೆ ಅಂತ ನಿಯಮ ಮಾಡುವ ಹಕ್ಕು ಇಲ್ಲಿ ಕಂಪನಿಗಿದೆ. ಆ ನಿಯಮ ಯಾರಿಗೂ ತಾರತಮ್ಯ ಮಾಡುವಂತಿರಬಾರದು, ಅಷ್ಟೆ. ಲ್ಯಾಬು, ಕಾರ್ಖಾನೆ, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವವರು ಮೊದಲು ಅಲ್ಲಿಯ ಸುರಕ್ಷತಾ ನಿಯಮ ಓದಿ. ಕಾಲು ಪೂರ್ತಿ ಮುಚ್ಚದ ಬಟ್ಟೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ, ಅದು ಸರಿಯೇ. ಇನ್ನು ಲಂಡನ್ನಿನ ಆಫೀಸುಗಳ ಮಾತೇ ಬೇರೆ. ಅಲ್ಲಿ ಕಿಲ್ಟ್ ನೋಡಿದರೆ "ಏನು ವಿಶೇಷ ಇವತ್ತು" ಅಂತ ಮಧ್ಯಾಹ್ನದವರೆಗೂ ಕೇಳುತ್ತಿರುತ್ತಾರೆ.

ಈಗ ಉಡುವ ವಿಷಯ. ಇಲ್ಲಿ ನಿಧಾನ ಮಾಡೋಣ, ಯಾಕೆಂದರೆ ನಿಮ್ಮನ್ನು ಅಳೆಯುವುದು ಇದರಲ್ಲೇ.

ಸರಿಯಾದ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು. ಅದರಲ್ಲಿ ಹೆಚ್ಚಿನ ಭಾಗ ನೆರಿಗೆಗೆ ಹೋಗುತ್ತದೆ. ನಮ್ಮ ಕೈ ಪಂಚೆಗೆ ಪಳಗಿದ್ದು. ನೆರಿಗೆ ಅಂದರೆ ಮುಂದೆ ಅಂತ ಅದಕ್ಕೆ ಗೊತ್ತು. ಕಿಲ್ಟಿನಲ್ಲಿ ನೆರಿಗೆ ಹಿಂದೆ ಬರಬೇಕು, ಮುಂದೆ ಎರಡು ಪದರ ಸಪಾಟಾಗಿ ಒಂದರ ಮೇಲೊಂದು ಕೂರಬೇಕು. ಮೊದಲು ಒಳಪದರದ ಪಟ್ಟಿಯನ್ನು ಎಡಸೊಂಟದ ಸೀಳಿನಿಂದ ಹೊರಗೆ ತೆಗೆದು ಬಕಲ್ ಹಾಕಿ. ಆಮೇಲೆ ಮೇಲುಪದರವನ್ನು ಬಲಕ್ಕೆ ತಂದು ಬಿಗಿಯಿರಿ. ಗಂಡಸರದ್ದು ಬಲಗಡೆ ತೆರೆದುಕೊಳ್ಳಬೇಕು. ಸೊಂಟದ ಜಾಗವೂ ನೋಡಿಕೊಳ್ಳಿ. ಜೀನ್ಸ್ ನಿಲ್ಲುವ ಕಡೆ ಅಲ್ಲ, ಹೊಕ್ಕುಳ ಮಟ್ಟದಲ್ಲಿ, ನಮ್ಮ ಅಜ್ಜಂದಿರು ಪಂಚೆ ಬಿಗಿಯುತ್ತಿದ್ದ ಕಡೆ. ಬಾಡಿಗೆ ಅಂಗಡಿಗೆ ಪ್ಯಾಂಟಿನ ಅಳತೆ ಕೊಟ್ಟು ಒದ್ದಾಡಿದವರು ಬಹಳ ಜನ. ಅಂಚು ಮಂಡಿಚಿಪ್ಪಿನ ನಡುಭಾಗಕ್ಕೆ ಬರಬೇಕು. ಇನ್ನೂ ಕೆಳಗಿಳಿದರೆ ಲಂಗದಂತೆ ಕಾಣುತ್ತದೆ. ಪಂಚೆಯ ಹಾಗೆ ಮಡಚಿ ಕಟ್ಟುವ ಮಾತಂತೂ ಇಲ್ಲ.

ಕಿಲ್ಟ್ ಪಿನ್ ಅನ್ನು ಮೇಲುಪದರಕ್ಕೆ ಮಾತ್ರ ಚುಚ್ಚಿ. ಎರಡಕ್ಕೂ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತದೆ. ಗಾಳಿಗೆ ಹಾರುತ್ತೇನೋ ಅಂತ ಎಲ್ಲರಿಗೂ ಭಯ. ಒಳ್ಳೆಯ ಉಣ್ಣೆಯ ತೂಕವೇ ಅದನ್ನು ಹಿಡಿದಿಡುತ್ತದೆ. ರಾಯಲ್ ಮೈಲ್ ರಸ್ತೆಯಲ್ಲಿ ಪ್ರವಾಸಿಗರಿಗೆ ಮಾರುವ ತೆಳು ಸಿಂಥೆಟಿಕ್ ಕಿಲ್ಟ್ ಹಾಕಿಕೊಂಡು ಗಾಳಿ ಬೀಸುವ ನಾರ್ತ್ ಬ್ರಿಡ್ಜ್ ಸೇತುವೆ ದಾಟಿದರೆ ಮಾತ್ರ ನಿಮ್ಮ ಭಯ ನಿಜವಾಗುತ್ತದೆ. ಅಳತೆ ಕೊಟ್ಟು ಹೊಲಿಸಿದ್ದಕ್ಕೆ ನೂರಾರು ಪೌಂಡ್ ಆಗುತ್ತದೆ. ಮೊದಲ ಒಂದೆರಡು ಸಲ ಬಾಡಿಗೆಗೆ ತನ್ನಿ. ಜನವರಿಗೆ ಬೇಕಿದ್ದರೆ ಡಿಸೆಂಬರಿನಲ್ಲೇ ಹೇಳಿಡಿ. ದಾನಕ್ಕೆ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲೂ ಒಮ್ಮೊಮ್ಮೆ ಚೆನ್ನಾಗಿರುವುದು ಸಿಗುತ್ತದೆ.

ಕಿಲ್ಟಿಗೆ ಜೇಬಿಲ್ಲ. ಮುಂದೆ ತೂಗುವ ಚರ್ಮದ ಚೀಲ, ಸ್ಪೊರನ್, ಅದೇ ಜೇಬು. ಆಫೀಸಿಗೆ ಸಾದಾ ಚರ್ಮದ್ದು ಸಾಕು, ತುಪ್ಪಳದ್ದು ಸಂಜೆಯ ಸಮಾರಂಭಕ್ಕೆ. ಕುರ್ಚಿಯಲ್ಲಿ ಕೂರುವಾಗ ಒಂದು ಕೈಯಿಂದ ಹಿಂದಿನ ನೆರಿಗೆ ಸವರಿ ಕೂರಿ, ಇಲ್ಲದಿದ್ದರೆ ಇಸ್ತ್ರಿ ಹಾಳು. ಮಂಡಿ ಜೋಡಿಸಿ ಕೂರುವುದನ್ನು ಮನೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿ. ಹಗಲಿಗೆ ಶರ್ಟು, ಟೈ, ಟ್ವೀಡ್ ಕೋಟು ಅಥವಾ ಸ್ವೆಟರ್ ಸಾಕು. ಬೆಳ್ಳಿಗುಂಡಿಯ ಪ್ರಿನ್ಸ್ ಚಾರ್ಲಿ ಕೋಟು ರಾತ್ರಿಯೂಟಕ್ಕೆ, ಬೆಳಗಿನ ಮೀಟಿಂಗಿಗೆ ಅಲ್ಲ.

ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚಾಕು ಇದೆಯಲ್ಲ, ಸ್ಕಿಯನ್ ಡೂ, ಕೊಡಗಿನವರಿಗೆ ಅದನ್ನು ನೋಡಿದ ಕೂಡಲೇ ಪೀಚೆಕತ್ತಿ ನೆನಪಾಗುತ್ತದೆ. ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಳ್ಳುವುದು ಇಲ್ಲಿ ದೊಡ್ಡ ಅಪರಾಧ. 1995ರ ಕ್ರಿಮಿನಲ್ ಕಾನೂನಿನ 49ನೇ ಸೆಕ್ಷನ್ ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಂಡಿದ್ದರೆ ರಕ್ಷಣೆ ಕೊಡುತ್ತದೆ. ಆದರೂ ಆಫೀಸಿಗೆ ಬೇಡ. ಕಟ್ಟಡದ ಸೆಕ್ಯುರಿಟಿಯವರ ನಿಯಮ ಬೇರೆ ಇರುತ್ತದೆ, ಊಟ ಮುಗಿದ ಮೇಲೆ ಜನ ಕುಡಿದಿರುತ್ತಾರೆ. ಪ್ಲಾಸ್ಟಿಕ್ಕಿನ ಹಿಡಿ ಮಾತ್ರ ಇರುವುದು ಸಿಗುತ್ತದೆ, ಬಾಡಿಗೆ ಅಂಗಡಿಯಲ್ಲಿ ಅದನ್ನೇ ಕೇಳಿ. ವಿಮಾನದಲ್ಲಿ ಹೋಗುವುದಿದ್ದರೆ ನಿಜವಾದದ್ದನ್ನು ಕೈಚೀಲದಲ್ಲಿ ಇಡಲೇಬೇಡಿ.

ಇನ್ನು ಸಹೋದ್ಯೋಗಿಗಳು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಟಾರ್ಟನ್?" ಇದಕ್ಕೆ ಉತ್ತರ ಗೊತ್ತಿಲ್ಲದೆ ಮನೆಯಿಂದ ಹೊರಡಬೇಡಿ. "ಬಾಡಿಗೆ ಅಂಗಡಿಯವರು ಕೊಟ್ಟರು" ಅಂದರೆ ಅವರ ಮುಖ ಸಣ್ಣದಾಗುತ್ತದೆ. ನನ್ನ ಸಲಹೆ, ನೀವಿರುವ ಊರಿನ ಟಾರ್ಟನ್ ಉಡಿ. ಎಡಿನ್‌ಬರ್ಗ್, ಗ್ಲಾಸ್ಗೋ, ಅಬರ್ಡೀನ್ ಎಲ್ಲಕ್ಕೂ ಅವುಗಳದ್ದೇ ವಿನ್ಯಾಸ ಇದೆ. "ಇದು ಈ ಊರಿನದು, ನಾನಿರುವುದು ಇಲ್ಲೇ" ಅನ್ನುವ ಉತ್ತರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬ್ಲ್ಯಾಕ್ ವಾಚ್‌ನಂಥ ಎಲ್ಲರೂ ಉಡುವ ವಿನ್ಯಾಸಗಳೂ ಇವೆ. ಬಾಲ್ಮೋರಲ್ ಟಾರ್ಟನ್ ಮಾತ್ರ ರಾಜಮನೆತನಕ್ಕೆ ಮೀಸಲು. 2009ರಿಂದ ಸರಕಾರವೇ ಟಾರ್ಟನ್‌ಗಳ ರಿಜಿಸ್ಟರ್ ಇಟ್ಟಿದೆ, ಅದರಲ್ಲಿ ಹುಡುಕಿ ಎರಡು ಸಾಲು ಓದಿಕೊಂಡು ಹೋಗಿ.

ಆ ಎರಡು ಸಾಲು ಏನು ಮಾಡುತ್ತವೆ ಅಂತ ಹೇಳುತ್ತೇನೆ. ನಮ್ಮ ಮಹಡಿಯಲ್ಲಿ ಅಕೌಂಟ್ಸ್‌ನ ಹಿರಿಯರೊಬ್ಬರಿದ್ದರು. ಮೂರು ವರ್ಷದಲ್ಲಿ ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿರಲಿಲ್ಲ. ನಾನು ಮೊದಲ ಸಲ ಕಿಲ್ಟ್ ಉಟ್ಟು ಹೋದ ದಿನ ಕಾಫಿ ಮಷೀನ್ ಹತ್ತಿರ ನಿಂತು ಟಾರ್ಟನ್ ಕೇಳಿದರು. ಹೇಳಿದೆ. ಬಗ್ಗಿ ನನ್ನ ನೆರಿಗೆ ನೋಡಿ, "ಪಟ್ಟೆ ಪಟ್ಟೆಗೆ ಕೂಡಿಸಿ ಹೊಲಿದಿದ್ದಾರೆ, ಒಳ್ಳೆ ಕೈ" ಅಂದರು. ತಮ್ಮ ತಂದೆಯ ಕಿಲ್ಟ್ ಅನ್ನು ಮಗನ ಮದುವೆಗೆ ಬಿಚ್ಚಿ ಹೊಲಿಸಿದ ಕತೆ ಹೇಳಿದರು. ನನ್ನ ಕಾಫಿ ಆರಿಹೋಯಿತು. ಮುಂದಿನ ನವೆಂಬರ್ 1ಕ್ಕೆ ನಾನು ಪಂಚೆ ಉಟ್ಟು ಹೋದಾಗ ಅವರೇ ಬಂದು, ಇದರ ನೆರಿಗೆ ಯಾಕೆ ಮುಂದೆ ಅಂತ ಕೇಳಿದರು.

ಎರಡನೇ ಪ್ರಶ್ನೆ ನಿಮಗೆ ಗೊತ್ತಿರುವುದೇ. ಒಳಗೆ ಏನು ಹಾಕಿದ್ದೀಯ? ಬಹಳ ಹಳೆಯ ತಮಾಷೆ ಅದು, ಸ್ಕಾಟರೇ ಅದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ಒಳಉಡುಪು ಹಾಕಿ, ಅದರಲ್ಲಿ ಅನುಮಾನವೇ ಬೇಡ. ಬಾಡಿಗೆ ಕಿಲ್ಟ್ ಆದರಂತೂ ಖಂಡಿತ. ಕೇಳಿದವರಿಗೆ ನಕ್ಕು "ಶೂಸು, ಸಾಕ್ಸು" ಅಂದರೆ ಸಾಕು. ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಕೊಡಬೇಡಿ.

ಕೈ ಹಾಕುವುದು ಮಾತ್ರ ತಮಾಷೆ ಅಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ, ಬೇರೆ ತಂಡದವರೊಬ್ಬರು ಹಿಂದಿನಿಂದ ಬಂದು ನನ್ನ ಕಿಲ್ಟಿನ ಅಂಚು ಎತ್ತಿದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ಯಾರಾದರೂ ಪಂಚೆ ಎಳೆದಿದ್ದರೆ ನಗುತ್ತಿದ್ದೆನಾ ಅಂತ ಯೋಚಿಸಿದೆ. ಸೋಮವಾರ ಮ್ಯಾನೇಜರಿಗೆ ಹೇಳಿದೆ. ಅವರು ಗಂಭೀರವಾಗಿಯೇ ತೆಗೆದುಕೊಂಡರು, ಆ ವ್ಯಕ್ತಿ ಬಂದು ಕ್ಷಮೆ ಕೇಳಿದರು.

ಹೀಗಾದರೆ ನೀವೂ ಸುಮ್ನೆ ಇರಬೇಡಿ. 2010ರ ಸಮಾನತಾ ಕಾಯ್ದೆ ಗಂಡಸರಿಗೂ ಅನ್ವಯಿಸುತ್ತದೆ, ಲೈಂಗಿಕ ಕಿರುಕುಳವೂ ಅದರಲ್ಲಿ ಬರುತ್ತದೆ, ಜನಾಂಗ ಹಿಡಿದು ಆಡಿಕೊಳ್ಳುವುದೂ ಬರುತ್ತದೆ. 2024ರ ಅಕ್ಟೋಬರಿನಿಂದ ಲೈಂಗಿಕ ಕಿರುಕುಳ ಆಗದಂತೆ ಮೊದಲೇ ಕ್ರಮ ತೆಗೆದುಕೊಳ್ಳುವ ಜವಾಬ್ದಾರಿ ಕಂಪನಿಯ ಮೇಲಿದೆ. ಆಫೀಸಿನ ಪಾರ್ಟಿ ಹೊರಗಡೆ ಹೋಟೆಲಿನಲ್ಲಿ ನಡೆದರೂ ಅದು ಕೆಲಸದ ಜಾಗವೆಂದೇ ಲೆಕ್ಕಕ್ಕೆ ಬರಬಹುದು. ಕಿಲ್ಟಿನ ಕೆಳಗೆ ಫೋನ್ ಹಿಡಿದು ಫೋಟೋ ತೆಗೆದರೆ ಅದು ಪೊಲೀಸರ ವಿಷಯ, ಸ್ಕಾಟ್ಲೆಂಡಿನಲ್ಲಿ 2010ರಿಂದಲೇ ಅದು ಅಪರಾಧ. ನಡೆದದ್ದನ್ನು ಅದೇ ರಾತ್ರಿ ದಿನಾಂಕ, ಸಮಯ ಹಾಕಿ ಬರೆದಿಡಿ, ಯಾರ್ಯಾರು ನೋಡಿದರು ಅನ್ನುವುದನ್ನೂ ಸೇರಿಸಿ. ಮೊದಲು ಮ್ಯಾನೇಜರು ಅಥವಾ ಎಚ್‌ಆರ್. ಅಲ್ಲಿ ಆಗದಿದ್ದರೆ ಕೆಲಸದ ಜಾಗದ ತಕರಾರಿಗೆ ಸಲಹೆ ಕೊಡುವ ಏಕಾಸ್ (Acas) ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ, ಸಲಹೆಗೆ ದುಡ್ಡಿಲ್ಲ. ಕೆಲಸದ ವ್ಯಾಜ್ಯ ನೋಡುವ ಟ್ರಿಬ್ಯುನಲ್‌ಗೆ ಹೋಗುವುದಿದ್ದರೂ ಮೊದಲು ಏಕಾಸ್‌ಗೆ ತಿಳಿಸಲೇಬೇಕು, ಅದಕ್ಕೆ ಗಡುವೂ ಇದೆ, ತಡ ಮಾಡಬೇಡಿ. ವೀಸಾಕ್ಕೆ ತೊಂದರೆ ಆದೀತು ಅಂತ ನುಂಗಿಕೊಂಡ ಗೆಳೆಯರನ್ನು ನೋಡಿದ್ದೇನೆ. ಈ ಹಕ್ಕು ಪಾಸ್‌ಪೋರ್ಟಿನ ಬಣ್ಣ ನೋಡಿ ಕೊಡುವುದಲ್ಲ.

ಹೆಣ್ಣುಮಕ್ಕಳು ಕೇಳುತ್ತಾರೆ, ನಾವೇನು ಹಾಕಬೇಕು ಅಂತ. ಸೀರೆ ಉಟ್ಟು ಹೋಗಿ, ಬಹಳ ಖುಷಿಪಡುತ್ತಾರೆ. ಬೇಕಿದ್ದರೆ ಭುಜಕ್ಕೊಂದು ಟಾರ್ಟನ್ ಪಟ್ಟಿ ಹಾಕಿಕೊಳ್ಳಿ. ಆದರೆ ಊಟದ ಮೇಲೆ ಕೇಲಿ ಅನ್ನುವ ಇಲ್ಲಿಯ ಜಾನಪದ ಗುಂಪುಕುಣಿತ ಇರುತ್ತದೆ. ಕೈ ಹಿಡಿದು ಗಿರಗಿರ ತಿರುಗಿಸುತ್ತಾರೆ. ಸೆರಗಿಗೆ ಪಿನ್ನು ಜಾಸ್ತಿ ಇರಲಿ. ಗಂಡಸರು ಕುಣಿಯುವಾಗ ಸ್ಪೊರನ್ ಅನ್ನು ಪಕ್ಕಕ್ಕೆ ಸರಿಸಿಕೊಳ್ಳಬೇಕು, ಇಲ್ಲದಿದ್ದರೆ ಹೊಟ್ಟೆಗೆ ಬಡಿಯುತ್ತದೆ. ಈ ಊಟದ ಮುಖ್ಯ ಅಡುಗೆ ಹ್ಯಾಗಿಸ್, ಕುರಿಯ ಒಳಾಂಗಗಳದ್ದು. ಮಾಂಸ ತಿನ್ನದವರು ಸಸ್ಯಾಹಾರಿ ಹ್ಯಾಗಿಸ್ ಬೇಕು ಅಂತ ಮೊದಲೇ ಹೇಳಿಡಿ. ಬೇಳೆಕಾಳು, ಓಟ್ಸ್ ಹಾಕಿ ಮಾಡುತ್ತಾರೆ, ಚೆನ್ನಾಗಿರುತ್ತದೆ.

ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಕಿಲ್ಟ್ ಅನ್ನು ಕುರ್ಚಿಗೆ ಎಸೆಯಬೇಡಿ. ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ಹ್ಯಾಂಗರಿಗೆ ನೇತುಹಾಕಿ, ನೆರಿಗೆ ತಾನೇ ಇಳಿದು ಕೂರುತ್ತದೆ. ವಾಷಿಂಗ್ ಮಷೀನಿಗೆ ಹಾಕಲೇಬಾರದು. ಸ್ವಂತದ್ದಾದರೆ ಉಣ್ಣೆಹುಳು ಬರದಂತೆ ಚೀಲದಲ್ಲಿಡಿ. ಬಾಡಿಗೆಯದಾದರೆ ವಾಪಸು ಕೊಡುವ ಮುಂಚೆ ಸ್ಪೊರನ್ ಒಳಗೊಮ್ಮೆ ಕೈ ಹಾಕಿ ನೋಡಿ. ಆಫೀಸಿನ ಪಾಸು ಅದರಲ್ಲೇ ಇರುತ್ತದೆ.