ಲೈವ್ ಪರದೆಗೆ ನಿಮ್ಮದೇ ಅಲರ್ಟ್: ಬಯಲಾಟದ ನಡುವೆ ಢಮಾರ್ ಅನ್ನದ ಹಾಗೆ

ಬ್ರಹ್ಮಾವರದ ಹತ್ತಿರ ಒಂದು ಹರಕೆ ಬಯಲಾಟ. ರಾತ್ರಿ ಎರಡು ಗಂಟೆ. ಭಾಗವತರು ಶೋಕದ ಪದ್ಯವನ್ನು ನಿಧಾನಕ್ಕೆ ಎಳೆಯುತ್ತಿದ್ದರು, ಚೆಂಡೆಯೂ ಸುಮ್ಮನಿತ್ತು. ಅಷ್ಟರಲ್ಲಿ ನಮ್ಮ ಯೂಟ್ಯೂಬ್ ಲೈವ್‌ನಲ್ಲಿ ಢಮಾರ್ ಅಂತ ಸದ್ದು, ಜೊತೆಗೆ ಕುಣಿಯುವ ಕಾರ್ಟೂನು. ಮುಂಬೈಯಲ್ಲಿ ಯಾರೋ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿದ್ದರು. ಗದ್ದೆಯಲ್ಲಿ ಕೂತವರಿಗೆ ಏನೂ ಗೊತ್ತಾಗಲಿಲ್ಲ, ಚಾಟ್‌ನಲ್ಲಿ ಮಾತ್ರ ಸಮಾ ಬೈಗುಳ. ತಪ್ಪು ನನ್ನದೇ. ಯಾರಾದರೂ ಸಬ್‌ಸ್ಕ್ರೈಬ್ ಆದರೆ ಲೈವ್ ಪರದೆಯಲ್ಲಿ ಸದ್ದು, ಚಿತ್ರದ ಜೊತೆ ಬರುವ ಸೂಚನೆಗೆ ಅಲರ್ಟ್ ಅನ್ನುತ್ತಾರೆ. ಅದನ್ನು ಹಾಕಿ, ಬಂದ ಹಾಗೇ ಬಿಟ್ಟಿದ್ದೆ.

ಸರಿ ಮಾಡುವುದು ಕಷ್ಟವಿಲ್ಲ. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ಲೈವ್ ಕಳಿಸುವ ತಂತ್ರಾಂಶ ಇರಬೇಕು, ಅದು ಉಚಿತ. ಅಲರ್ಟ್‌ಗಾಗಿ ಸ್ಟ್ರೀಮ್‌ಲ್ಯಾಬ್ಸ್ ಅಥವಾ ಸ್ಟ್ರೀಮ್‌ಎಲಿಮೆಂಟ್ಸ್ ಜಾಲತಾಣದಲ್ಲಿ ನಿಮ್ಮ ಯೂಟ್ಯೂಬ್ ಖಾತೆಯಿಂದಲೇ ಲಾಗಿನ್ ಆಗಿ. ನಾನು ಬಳಸುವುದು ಸ್ಟ್ರೀಮ್‌ಲ್ಯಾಬ್ಸ್.

ಮೊದಲು ಅಲರ್ಟ್ ಬಾಕ್ಸ್ ತೆರೆದು ಯಾವ್ಯಾವುದಕ್ಕೆ ಅಲರ್ಟ್ ಬೇಕು ಅಂತ ಆರಿಸಿ. ಹೊಸ ಸಬ್‌ಸ್ಕ್ರೈಬರ್, ಸದಸ್ಯತ್ವ, ಸೂಪರ್ ಚಾಟ್ (ನೋಡುಗರು ದುಡ್ಡು ಕೊಟ್ಟು ಹಾಕುವ ಸಂದೇಶ), ಇಷ್ಟು ಸಾಕು. ಸಬ್‌ಸ್ಕ್ರಿಪ್ಷನ್ ಗುಟ್ಟಾಗಿ ಇಟ್ಟುಕೊಂಡವರ ಹೆಸರು ಬರುವುದಿಲ್ಲ. ಪರಿಚಯದವರು ‘ನನ್ನ ಹೆಸರು ಯಾಕೆ ಬರ್ಲಿಲ್ಲ ಮಾರಾಯ್ರೆ’ ಅಂದರೆ ಕಾರಣ ಸಾಮಾನ್ಯವಾಗಿ ಇದೇ.

ಆಮೇಲೆ ಸಂದೇಶ. ಅಲ್ಲಿರುವ ಇಂಗ್ಲಿಷ್ ವಾಕ್ಯ ಅಳಿಸಿ ಕನ್ನಡದಲ್ಲಿ ಬರೆಯಿರಿ. ಸುರುಳಿ ಆವರಣದೊಳಗೆ ನೇಮ್ ಎಂಬ ಇಂಗ್ಲಿಷ್ ಪದ ಇರುತ್ತದಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ನೋಡುಗರ ಹೆಸರು ಬಂದು ಕೂರುವುದು ಅಲ್ಲೇ. ಆ ಜಾಗಕ್ಕೆ ‘ನಿಗೆ’, ‘ಳಿಗೆ’ ಅಂತ ಪ್ರತ್ಯಯ ಅಂಟಿಸಲು ಹೋಗಬೇಡಿ. ಬರುವ ಹೆಸರು ಗಂಡಸಿನದೋ ಹೆಂಗಸಿನದೋ ಯಾರಿಗೆ ಗೊತ್ತು? ಒಂದು ಜಾಗ ಬಿಟ್ಟು ‘ಅವರಿಗೆ ಸ್ವಾಗತ’ ಎಂದರೆ ಎಲ್ಲ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಆಯಿತು.

ಈಗ ಅಕ್ಷರದ ಸಮಸ್ಯೆ. ನನ್ನ ಒಂದಿಡೀ ವಾರ ತಿಂದದ್ದು ಇದು. ಪರದೆಯಲ್ಲಿ ಕೃಷ್ಣ ಅನ್ನುವ ಹೆಸರು ಒತ್ತು ಒಂದು ಕಡೆ, ವಟ್ರಸುಳಿ ಇನ್ನೊಂದು ಕಡೆ ಆಗಿ ಚೆಲ್ಲಾಪಿಲ್ಲಿ ಬರುತ್ತಿತ್ತು. ಫಾಂಟ್ ಸರಿಯಿಲ್ಲ ಅಂದುಕೊಂಡು ನಾಲ್ಕು ಫಾಂಟ್ ಬದಲಿಸಿದೆ. ಫಾಂಟಿನ ತಪ್ಪೇ ಅಲ್ಲ! ಹೆಸರು ಕುಣಿಯಲಿ ಅಂತ ಟೆಕ್ಸ್ಟ್ ಅನಿಮೇಷನ್ ಹಾಕಿರುತ್ತಾರೆ. ಅದು ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಕುಣಿಸುತ್ತದೆ. ಇಂಗ್ಲಿಷಿಗೆ ಅಡ್ಡಿಯಿಲ್ಲ, ನಮ್ಮ ಒತ್ತಕ್ಷರ ಒಡೆದುಹೋಗುತ್ತದೆ. ಆ ಜಾಗದಲ್ಲಿ ‘ನನ್’ (None, ಅಂದರೆ ಯಾವುದೂ ಬೇಡ) ಅಂತ ಆರಿಸಿ, ಅಷ್ಟೇ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಚೆನ್ನಾಗಿದೆ, ಎರಡೂ ಉಚಿತ. ಕೆಳಗಿನ ಒತ್ತು ಕತ್ತರಿಸಿದಂತೆ ಕಂಡರೆ ಅಕ್ಷರದ ಗಾತ್ರ ತುಸು ಇಳಿಸಿ.

ಚಿತ್ರಕ್ಕೆ ನಾನು ಮುಂಡಾಸಿನ ಒಂದು ಸಣ್ಣ ಚಿತ್ರ ಹಾಕಿದ್ದೇನೆ. ಜಿಫ್‌ನಲ್ಲಿ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಹಿನ್ನೆಲೆ ಇಲ್ಲದ ವೆಬ್‌ಎಂ ಕಡತ ಆದರೆ ನುಣುಪು.

ಸದ್ದಿಗೆ ಚೆಂಡೆ ಬೇಡ. ನಾನು ಹಾಕಿ ನೋಡಿದೆ. ಕೇಳುವವರು ಚೆಂಡೆಯವರೇ ತಾಳ ತಪ್ಪಿದರು ಅಂದುಕೊಂಡರು. ಈಗ ನಮ್ಮ ದೇವರ ಕೋಣೆಯ ಗಂಟೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಾಕಿದ್ದೇನೆ, ಎರಡೇ ಸೆಕೆಂಡು, ವಾಲ್ಯೂಮ್ 20ರ ಆಸುಪಾಸು. ಅಲರ್ಟ್ ಪರದೆಯಲ್ಲಿ ಇರುವ ಹೊತ್ತನ್ನೂ 5 ಸೆಕೆಂಡಿಗೆ ಇಳಿಸಿದೆ. ಸಂದೇಶವನ್ನು ಯಂತ್ರವೇ ಓದಿ ಹೇಳುವ ಸೌಲಭ್ಯ ಇದೆ, ಆಟದ ಲೈವ್‌ಗೆ ಅದು ಖಂಡಿತ ಬೇಡ.

ಸೇವ್ ಮಾಡಿ, ಅಲರ್ಟ್ ಬಾಕ್ಸಿನ ಲಿಂಕ್ ಕಾಪಿ ಮಾಡಿಕೊಳ್ಳಿ. ಒಬಿಎಸ್‌ನ ಸೋರ್ಸಸ್‌ನಲ್ಲಿ ಕೂಡಿಸುವ ಚಿಹ್ನೆ ಒತ್ತಿ, ಬ್ರೌಸರ್ ಆರಿಸಿ, ಲಿಂಕ್ ಅಂಟಿಸಿ. ಅಗಲ 800, ಎತ್ತರ 600 ಇದ್ದರೆ ಆಯಿತು. ಆಡಿಯೋವನ್ನು ಒಬಿಎಸ್ ಮೂಲಕ ನಿಯಂತ್ರಿಸುವ ಆಯ್ಕೆಗೆ ಟಿಕ್ ಹಾಕಿ. ಆಗ ಗಂಟೆಯ ಸದ್ದಿಗೆ ಮಿಕ್ಸರ್‌ನಲ್ಲಿ ಬೇರೆಯೇ ಪಟ್ಟಿ ಬರುತ್ತದೆ, ಜಾಸ್ತಿ ಆಯಿತು ಅನ್ನಿಸಿದರೆ ಅಲ್ಲೇ ಇಳಿಸಬಹುದು. ಆ ಲಿಂಕ್ ಮಾತ್ರ ಯಾರಿಗೂ ಕೊಡಬೇಡಿ, ಅದು ಸಿಕ್ಕವರು ನಿಮ್ಮ ಅಲರ್ಟ್ ತಮ್ಮ ಪರದೆಯಲ್ಲೂ ಓಡಿಸಬಹುದು.

ಎಲ್ಲಿಡುವುದು? ಮೇಲೆ ಇಟ್ಟರೆ ವೇಷದ ಕಿರೀಟಕ್ಕೆ ಅಡ್ಡ, ನಡುವೆ ಇಟ್ಟರೆ ಭಾಗವತರ ಮುಖಕ್ಕೆ. ಕೆಳಗಿನ ಎಡ ಮೂಲೆ ಸರಿ, ಕುಣಿಯುವ ಕಾಲು ಮುಚ್ಚದಷ್ಟು ಚಿಕ್ಕದಾಗಿ. ಕಂಬಳದ ಲೈವ್ ಆದರೆ ಇದೇ ತಿರುಗುಮುರುಗು: ಕೋಣಗಳೂ ಕೆಸರೂ ಕೆಳಗಿರುವುದರಿಂದ ಅಲರ್ಟ್ ಮೇಲಕ್ಕೆ ಹೋಗಲಿ.

ಚೌಕಿಪೂಜೆಯ (ಆಟಕ್ಕೆ ಮೊದಲು ಬಣ್ಣದ ಮನೆಯಲ್ಲಿ ಮಾಡುವ ಪೂಜೆ) ಹೊತ್ತಿಗೆ, ಲೈವ್ ಶುರುವಾಗುವ ಮೊದಲೇ, ಸ್ಟ್ರೀಮ್‌ಲ್ಯಾಬ್ಸ್ ಪುಟದ ಟೆಸ್ಟ್ ಗುಂಡಿ ಒತ್ತಿ ಎಲ್ಲವನ್ನೂ ಒಮ್ಮೆ ನೋಡಿ. ನೋಡಿದ ಮೇಲೆ ಆ ಟ್ಯಾಬ್ ಮುಚ್ಚಿಬಿಡಿ. ಕಳೆದ ತಿಂಗಳು ಯುದ್ಧದ ಸನ್ನಿವೇಶದಲ್ಲಿ ಕೈತಪ್ಪಿ ಟೆಸ್ಟ್ ಒತ್ತಿ, ಇಲ್ಲದ ಸದಸ್ಯರೊಬ್ಬರಿಗೆ ಗಂಟೆ ಬಾರಿಸಿ ಸ್ವಾಗತ ಕೋರಿದ್ದೆ. ಚಾಟ್‌ನಲ್ಲಿ ನಾಲ್ಕು ಜನ ಅವರಿಗೆ ಅಭಿನಂದನೆಯನ್ನೂ ಹೇಳಿದರು.