ಮಲೆನಾಡಿನ ಮನೆಗೆ ಮರದ ನೆಲವಾ, ಲ್ಯಾಮಿನೇಟಾ?

ಮೂಡಿಗೆರೆ, ಸಕಲೇಶಪುರ ಕಡೆ ಮನೆ ಕಟ್ಟುತ್ತಿರುವವರು ಬೆಲೆ ಕೇಳುವ ಮೊದಲು ನೆಲದ ತೇವ ನೋಡಿ. ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ಸದ್ಯಕ್ಕೆ ಎರಡೂ ಬೇಡ, ನೆಲ ಇನ್ನೂ ಒಣಗಲಿ.

ನಮ್ಮ ಮನೆಯಲ್ಲಿ ಮುಂಬಾಗಿಲ ಹತ್ತಿರವೇ ಲ್ಯಾಮಿನೇಟ್ ಹಾಕಿಸಿದ್ದೆವು. ಆಷಾಢದ ಮಳೆಯಲ್ಲಿ ದಿನಾ ಒದ್ದೆ ಕೊಡೆ ಇಟ್ಟು ಇಟ್ಟು, ಹಲಗೆ ಸೇರುವ ಅಂಚುಗಳು ಹಪ್ಪಳದ ಹಾಗೆ ಉಬ್ಬಿದವು. ಒಳಗಿರುವುದು ಒತ್ತಿದ ಮರದ ನಾರು. ನೀರು ಕುಡಿದು ಉಬ್ಬಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಉಜ್ಜಿ ಸರಿಮಾಡೋಣ ಅಂದರೆ ಮೇಲಿರುವುದು ತೆಳು ಚಿತ್ರದ ಪದರ. ಗಟ್ಟಿ ಮರವಾದರೆ ಉಜ್ಜಿ ಮತ್ತೆ ಪಾಲಿಶ್ ಹಾಕಿಸಬಹುದು, ಖರ್ಚು ಮಾತ್ರ ಜಾಸ್ತಿ.

ಮಹಡಿಯ ಮಲಗುವ ಕೋಣೆಗೆ ಲ್ಯಾಮಿನೇಟ್ ಧಾರಾಳ ಸಾಕು. ಯಾವುದೇ ಹಾಕಿಸಿ, ಗೋಡೆಗುಂಟ ಸಂದು ಬಿಡಿಸಿ: ಲ್ಯಾಮಿನೇಟಿಗೆ 8ರಿಂದ 10 ಮಿಲಿಮೀಟರ್, ಗಟ್ಟಿ ಮರಕ್ಕೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಹಿಗ್ಗುವುದಕ್ಕೆ ಜಾಗ ಬೇಕಲ್ವಾ?